ಲಿವರ್ ವಾಸಿಯಾಗಿದ್ದು ಮದ್ದಿನಿಂದಲಾ, ತಾನಾಗಿಯೇನಾ?

ಕೊಡಗಿನಲ್ಲಿ ಯಾರಿಗಾದರೂ ಕಾಮಾಲೆ ಬಂತು ಅಂದರೆ ಮನೆಯವರು ಮೊದಲು ಹುಡುಕುವುದು ನೆಲನೆಲ್ಲಿಯನ್ನು. ಮಳೆಗಾಲದಲ್ಲಿ ಕಾಫಿ ತೋಟದ ಬದಿಯಲ್ಲಿ, ಕಣದ ಅಂಚಿನಲ್ಲಿ, ಗದ್ದೆಯ ಬದುವಿನ ಮೇಲೆ ಹೇರಳವಾಗಿ ಸಿಗುತ್ತದೆ. ಗೇಣುದ್ದದ ಗಿಡ. ಎಲೆಕಡ್ಡಿಯನ್ನು ತಿರುಗಿಸಿ ನೋಡಿದರೆ ಅಡಿಯಲ್ಲಿ ಸಣ್ಣ ಸಣ್ಣ ಹಸಿರು ಕಾಯಿಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಬೇರು ಸಮೇತ ಕಿತ್ತು, ತೊಳೆದು, ಅರೆದು, ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಎಣ್ಣೆ, ಮಾಂಸ ಬಂದ್. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ, ಹಸಿವು ಮರಳುತ್ತದೆ. ಮದ್ದು ಕೊಟ್ಟವರ ಹೆಸರು ಪಕ್ಕದ ಊರಿಗೂ ಹೋಗುತ್ತದೆ.

ವಾಸಿಯಾಗಿದ್ದು ನಿಜ, ಅದರಲ್ಲಿ ಅನುಮಾನ ಬೇಡ. ಆದರೆ ವಾಸಿ ಮಾಡಿದ್ದು ಯಾರು? ಲಿವರ್ ಕಾಯಿಲೆಯ ಬಗ್ಗೆ ಕಳೆದ ಅರವತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯನ್ನೆಲ್ಲ ಅರ್ಥ ಮಾಡಿಕೊಳ್ಳಲು ಈ ಒಂದು ಪ್ರಶ್ನೆ ಸಾಕು.

ನಮ್ಮ ದೇಶದಲ್ಲಿ ಮಳೆಗಾಲದ ಕಾಮಾಲೆಗೆ ಹೆಚ್ಚಾಗಿ ಕಾರಣವಾಗುವುದು ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು. ಚರಂಡಿ ನೀರು ಬಾವಿಗೋ ಪೈಪಿಗೋ ಸೇರಿದರೆ ಹರಡುತ್ತವೆ. 1955–56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಯಮುನೆಯ ಕೊಳಕು ಸೇರಿ ಸುಮಾರು 29 ಸಾವಿರ ಜನಕ್ಕೆ ಕಾಮಾಲೆ ಬಂದಿತ್ತು. ಅದು ಇ ವೈರಸ್ಸಿನ ಕೆಲಸ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ, ಕಾದಿಟ್ಟಿದ್ದ ರಕ್ತದ ಮಾದರಿಗಳನ್ನು ತೆಗೆದು ಪರೀಕ್ಷಿಸಿದಾಗ. ಈ ಎರಡೂ ವೈರಸ್‌ಗಳನ್ನು ಹೆಚ್ಚಿನವರ ದೇಹ ಕೆಲವು ವಾರಗಳಲ್ಲಿ ತಾನೇ ಓಡಿಸಿಬಿಡುತ್ತದೆ. ನೆಲನೆಲ್ಲಿ ಕುಡಿದರೂ ಅಷ್ಟೇ, ಕುಡಿಯದಿದ್ದರೂ ಅಷ್ಟೇ. ಆದರೆ ಕುಡಿದವರ ಮನೆಯಲ್ಲಿ ಆ ಗಿಡದ ಹೆಸರು ಉಳಿಯುತ್ತದೆ.

ಎರಡು ಕಡೆ ಮಾತ್ರ ಈ ಭರವಸೆ ಕೈಕೊಡುತ್ತದೆ. ಒಂದು, ಗರ್ಭಿಣಿಯರು. ತಿಂಗಳು ತುಂಬುತ್ತಾ ಬಂದವರಿಗೆ ಹೆಪಟೈಟಿಸ್ ಇ ತಗುಲಿದರೆ ನೂರರಲ್ಲಿ 20–25 ಜನರವರೆಗೂ ಸಾಯುವ ಅಪಾಯವಿದೆ. ಇನ್ನೊಂದು, ಇಲಿ ಜ್ವರ. ನಾಟಿ ಸಮಯದಲ್ಲಿ ಗದ್ದೆಯ ಕೆಸರಿನಲ್ಲಿ ನಿಂತವರಿಗೆ ಕಾಲಿನ ಗಾಯದ ಮೂಲಕ ಬರುವ ಈ ಬ್ಯಾಕ್ಟೀರಿಯಾ ಕೂಡ ಕಣ್ಣನ್ನು ಹಳದಿ ಮಾಡುತ್ತದೆ. ಅದಕ್ಕೆ ಬೇಕಾದದ್ದು ಆ್ಯಂಟಿಬಯಾಟಿಕ್, ಅದೂ ಬೇಗ. ಹಾಗಾಗಿ ಕಣ್ಣು ಹಳದಿಯಾದ ದಿನವೇ ಒಂದು ರಕ್ತಪರೀಕ್ಷೆ ಆಗಲೇಬೇಕು. ಮನೆಮದ್ದಿನ ಮಾತು ಆಮೇಲೆ.

ನೆಲನೆಲ್ಲಿಯನ್ನು ವಿಜ್ಞಾನ ಸುಮ್ನೆ ತಳ್ಳಿಹಾಕಲಿಲ್ಲ ಅನ್ನುವುದು ನನಗೆ ತುಂಬಾ ಹಿಡಿಸಿದ ವಿಷಯ. ಹೆಪಟೈಟಿಸ್ ಬಿ ವೈರಸ್ಸಿನ ಜಾಡು ಹಿಡಿದ ಬರೂಕ್ ಬ್ಲುಂಬರ್ಗ್ ಅವರೇ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರ ಜೊತೆ ಸೇರಿ ಈ ಗಿಡವನ್ನು ಪರೀಕ್ಷೆಗೆ ಒಡ್ಡಿದರು. ಬಿ ವೈರಸ್ ರಕ್ತದಲ್ಲಿ ಉಳಿದುಹೋಗಿದ್ದ 37 ಜನಕ್ಕೆ 30 ದಿನ ನೆಲನೆಲ್ಲಿ ಪುಡಿ, 23 ಜನಕ್ಕೆ ಅದೇ ಥರ ಕಾಣುವ ಹುಸಿ ಔಷಧ. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ನೆಲನೆಲ್ಲಿ ತಗೊಂಡ 22 ಜನರಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಔಷಧದ ಗುಂಪಿನಲ್ಲಿ ಒಬ್ಬರಲ್ಲಿ ಮಾತ್ರ. ಜಗತ್ತೇ ಕಿವಿ ನಿಮಿರಿಸಿತು. ಥಾಯ್ಲೆಂಡ್ ಮತ್ತು ಬೇರೆ ಕಡೆಗಳಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದರು. ಆ ಫಲಿತಾಂಶ ಮತ್ತೆ ಬರಲಿಲ್ಲ. 2011ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಸ್ಥೆಯ ವಿಮರ್ಶೆಗೂ ಗಟ್ಟಿ ಪುರಾವೆ ಸಿಗಲಿಲ್ಲ.

ನೊಬೆಲ್ ಪಡೆದ ಬ್ಲುಂಬರ್ಗ್ ಅವರ ಹೆಸರು ಜೊತೆಗಿದ್ದರೂ ಒಂದೇ ಪ್ರಯೋಗ ಸಾಕಾಗುವುದಿಲ್ಲ. ಹುಸಿ ಔಷಧದ ಗುಂಪು ಇರಬೇಕು, ಆ ಪ್ರಯೋಗ ಇನ್ನೊಂದು ಊರಿನಲ್ಲೂ ನಿಲ್ಲಬೇಕು. ಲಿವರ್ ವಿಷಯದಲ್ಲಿ ಇದು ಬೇರೆ ಅಂಗಗಳಿಗಿಂತ ಜಾಸ್ತಿ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಲಿವರ್ ಬಲ ಪಕ್ಕೆಲುಬಿನ ಕೆಳಗೆ ಕೂತಿರುವ ಒಂದೂವರೆ ಕಿಲೋ ತೂಕದ ಅಂಗ. ಅದಕ್ಕೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ನೇರವಾಗಿ ಕರುಳಿನಿಂದ ಬರುತ್ತದೆ. ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ ಎಲ್ಲವೂ ಮೊದಲು ಮುಟ್ಟುವುದು ಅದನ್ನೇ. ಏಟು ತಿನ್ನುವುದು ಅದರ ದಿನನಿತ್ಯದ ಕೆಲಸ, ಹಾಗಾಗಿ ಮತ್ತೆ ಬೆಳೆಯುವ ಶಕ್ತಿಯೂ ಇದೆ. ಅರ್ಧಕ್ಕಿಂತ ಜಾಸ್ತಿ ಕತ್ತರಿಸಿ ಇನ್ನೊಬ್ಬರಿಗೆ ಕೊಟ್ಟರೂ ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಹಳೆಯ ಗಾತ್ರಕ್ಕೆ ಬರುತ್ತದೆ. ಇನ್ನೊಂದು ಗುಣ, ಅದರ ಒಳಭಾಗಕ್ಕೆ ನೋವು ಗೊತ್ತಾಗುವುದಿಲ್ಲ. ನೋವು ತಿಳಿಯುವ ನರಗಳಿರುವುದು ಹೊರಗಿನ ತೆಳುಪೊರೆಯಲ್ಲಿ. ಊದಿಕೊಂಡು ಆ ಪೊರೆ ಎಳೆದಾಗ ಮಾತ್ರ ಬಲಪಕ್ಕೆ ಭಾರ ಅನಿಸುತ್ತದೆ. ಹೀಗೆ ತಾನಾಗಿಯೇ ಸರಿಹೋಗುವ, ಕೆಟ್ಟರೂ ಸದ್ದು ಮಾಡದ ಅಂಗದ ಬಗ್ಗೆ ಬರೀ ಅನುಭವದ ಮಾತು ನಂಬಿದರೆ ಎರಡು ಕಡೆಯಿಂದಲೂ ಮೋಸ ಹೋಗುತ್ತೇವೆ. ಕೆಲಸಕ್ಕೆ ಬಾರದ ಮದ್ದು ಗೆದ್ದ ಹಾಗೆ ಕಾಣುತ್ತದೆ. ಹಾಳು ಮಾಡುತ್ತಿರುವ ಅಭ್ಯಾಸ ಏನೂ ಮಾಡದ ಹಾಗೆ ಕಾಣುತ್ತದೆ.

ಒಳಗೆ ನಡೆಯುವುದು ಇಷ್ಟು. ಲಿವರಿನ ಕೋಶಗಳ ಪಕ್ಕದಲ್ಲಿ ನಕ್ಷತ್ರದ ಆಕಾರದ ಕೆಲವು ಕೋಶಗಳಿವೆ. ಸ್ಟೆಲೇಟ್ ಕೋಶ ಅನ್ನುತ್ತಾರೆ. ಎಲ್ಲ ಚೆನ್ನಾಗಿರುವಾಗ ಅವು ಎ ವಿಟಮಿನ್ ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಲಿವರಿಗೆ ಪದೇ ಪದೇ ಏಟು ಬಿದ್ದಾಗ ಎದ್ದು ಕೊಲ್ಯಾಜನ್ ಎಂಬ ನಾರನ್ನು ಹೆಣೆಯುತ್ತವೆ. ಏಟು ನಿಂತರೆ ನಾರು ನಿಧಾನವಾಗಿ ಕರಗುತ್ತದೆ. ಏಟು ನಿಲ್ಲದಿದ್ದರೆ ನಾರಿನ ಮೇಲೆ ನಾರು ಬಿದ್ದು ಇಡೀ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಅದೇ ಸಿರೋಸಿಸ್. ಆಗ ಕರುಳಿನ ರಕ್ತಕ್ಕೆ ಒಳಗೆ ದಾರಿ ಸಿಗುವುದಿಲ್ಲ. ತೂಬು ಕಟ್ಟಿಕೊಂಡ ಗದ್ದೆಯಲ್ಲಿ ನೀರು ಹಿಂದಕ್ಕೆ ಏರಿ ಬದು ಒಡೆಯುವ ಹಾಗೆ, ಒತ್ತಡ ಹಿಂದಕ್ಕೆ ಏರುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಊದಿ ಒಂದು ದಿನ ಒಡೆದು ರಕ್ತವಾಂತಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ಕಾಯಿಲೆ ಇದೆ ಅಂತ ಗೊತ್ತಾಗುವುದೇ ಆ ದಿನ.

ಏಟು ಕೊಡುವವರಲ್ಲಿ ವೈರಸ್‌ಗಳ ಕಥೆಯೇ ಸಂಶೋಧನೆಯ ದೊಡ್ಡ ಗೆಲುವು. ಬ್ಲುಂಬರ್ಗ್ 1965ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ಅಪರಿಚಿತ ಪ್ರೋಟೀನ್ ಕಂಡ ವಿಷಯ ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಅಂತ ಮುಂದೆ ತಿಳಿಯಿತು. 1976ರಲ್ಲಿ ನೊಬೆಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಒಪ್ಪಿಗೆ ಸಿಕ್ಕಿತು. 1984ರಲ್ಲಿ ತೈವಾನ್ ದೇಶದ ತುಂಬ ಲಸಿಕೆ ಶುರು ಮಾಡಿತು, ಮೊದಲು ವೈರಸ್ ಇರುವ ತಾಯಂದಿರ ಮಕ್ಕಳಿಗೆ, 1986ರಿಂದ ಹುಟ್ಟಿದ ಎಲ್ಲ ಮಕ್ಕಳಿಗೂ. ಹತ್ತೇ ವರ್ಷದಲ್ಲಿ ಅಲ್ಲಿನ ಮಕ್ಕಳ ಲಿವರ್ ಕ್ಯಾನ್ಸರ್ ಅರ್ಧದಷ್ಟಕ್ಕೆ ಇಳಿಯಿತು. ಒಂದು ಲಸಿಕೆ ಕ್ಯಾನ್ಸರನ್ನು ತಡೆಯಬಲ್ಲದು ಅಂತ ಕಣ್ಣಿಗೆ ಕಂಡಿದ್ದು ಅಲ್ಲಿ. ನಮ್ಮ ದೇಶದಲ್ಲಿ 2002ರಲ್ಲಿ ಕೆಲವು ಕಡೆ ಶುರುವಾಗಿ 2011ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ಬಂತು. ಅಂದರೆ ಈಗ ಮೂವತ್ತು ದಾಟಿದವರಲ್ಲಿ ಬಹಳ ಮಂದಿಗೆ ಆ ಲಸಿಕೆ ಆಗಿಯೇ ಇಲ್ಲ. ದೊಡ್ಡವರೂ ಹಾಕಿಸಿಕೊಳ್ಳಬಹುದು: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಟ್ಟು ಮೂರು ಡೋಸ್.

ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಯಾಕೆ ಅಂತ ಬಾಣಂತಿಯರು ಕೇಳುತ್ತಾರೆ. ದೊಡ್ಡವರಿಗೆ ಬಿ ವೈರಸ್ ತಗುಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಶಾಶ್ವತವಾಗಿ ಉಳಿಯುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ತಗುಲಿದ ಮಗುವಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಸಲ ಉಳಿದುಬಿಡುತ್ತದೆ. ಆ ಮೊದಲ ದಿನದ ಚುಚ್ಚುಮದ್ದು ಮಗುವಿಗೆ ನಲವತ್ತು ವಯಸ್ಸಿನಲ್ಲಿ ಬರಬಹುದಾದ ಕ್ಯಾನ್ಸರನ್ನು ತಡೆಯುತ್ತಿರುತ್ತದೆ.

ಸಿ ವೈರಸ್ ಸಿಕ್ಕಿದ್ದು 1989ರಲ್ಲಿ. ಅದಕ್ಕೆ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು. 2013ರಲ್ಲಿ ಸೊಫೊಸ್ಬುವಿರ್ ಮಾತ್ರೆ ಬಂದಾಗ ಅಮೆರಿಕದಲ್ಲಿ 12 ವಾರದ ಚಿಕಿತ್ಸೆಗೆ 84,000 ಡಾಲರ್, ಒಂದು ಮಾತ್ರೆಗೆ ಸಾವಿರ ಡಾಲರ್. ಭಾರತದ ಕಂಪನಿಗಳಿಗೆ ತಯಾರಿಸಲು ಪರವಾನಗಿ ಸಿಕ್ಕ ಮೇಲೆ ಬೆಲೆ ಪಾತಾಳಕ್ಕೆ ಇಳಿಯಿತು. 2018ರ ಜುಲೈ 28ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡಕ್ಕೂ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಹೊಸ ಮಾತ್ರೆಗಳಿಂದ ಸಿ ಬಂದವರಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಪೂರ್ತಿ ಗುಣವಾಗುತ್ತಾರೆ. ಇಷ್ಟು ಚೆನ್ನಾಗಿ ಮದ್ದು ಕೆಲಸ ಮಾಡಿದರೆ ಅನುಮಾನಕ್ಕೇ ಜಾಗ ಇರುವುದಿಲ್ಲ.

ಹೆಂಡದ ವಿಷಯ ಹೀಗಿಲ್ಲ. ಕೊಡಗಿನಲ್ಲಿ ಈ ಮಾತು ಎತ್ತುವುದು ಕಷ್ಟ, ಗೊತ್ತು. ಮದುವೆಗೆ, ಹುತ್ತರಿಗೆ, ಕೈಲ್‌ಪೊಳ್ದಿಗೆ, ಹಿರಿಯರಿಗೆ ಮೀದಿ ಇಡುವಾಗ ಮದ್ಯಕ್ಕೆ ಒಂದು ಸ್ಥಾನವಿದೆ. ಆ ಸ್ಥಾನದ ಬಗ್ಗೆ ನನಗೆ ತಕರಾರಿಲ್ಲ. ವರ್ಷಕ್ಕೆ ಕೆಲವು ದಿನದ ಆಚರಣೆಯಿಂದ ಲಿವರ್ ಗಂಟುಗಟ್ಟುವುದಿಲ್ಲ. ದಿನಾ ಸಂಜೆಯ ಲೆಕ್ಕ ಬೇರೆ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ನೂರಕ್ಕೆ 42.8 ಪಾಲು ಆಲ್ಕೋಹಾಲ್. 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ. 180 ಎಂಎಲ್‌ನ ಒಂದು ಕ್ವಾರ್ಟರಿನಲ್ಲಿ 60 ಗ್ರಾಂ. ದಿನಕ್ಕೆ 60 ಗ್ರಾಂ ದಾಟಿದವರಲ್ಲಿ ಹತ್ತಕ್ಕೆ ಒಂಬತ್ತು ಜನರ ಲಿವರಿನಲ್ಲಿ ಕೊಬ್ಬು ಕೂರುತ್ತದೆ. ಸಿರೋಸಿಸ್‌ವರೆಗೆ ಹೋಗುವವರು ನೂರಕ್ಕೆ 10–20. ‘ನಮ್ಮ ತಾತ ಎಂಬತ್ತು ವರ್ಷ ದಿನಾ ಕುಡಿದರು, ಏನೂ ಆಗಲಿಲ್ಲ’ ಅನ್ನುವ ಮಾತು ನಿಜವೇ ಇರಬಹುದು. ಸಿರೋಸಿಸ್ ತಲುಪದ ಉಳಿದ ಎಂಬತ್ತು ತೊಂಬತ್ತು ಜನರಲ್ಲಿ ತಾತ ಒಬ್ಬರು. ಮೊಮ್ಮಗ ಯಾವ ಗುಂಪಿನಲ್ಲಿದ್ದಾನೆ ಅಂತ ಮೊದಲೇ ಹೇಳಲು ಆಗುವುದಿಲ್ಲ. ಮನೆಯಲ್ಲಿ ಮಾಡಿದ ವೈನ್ ಅಂದ ಮಾತ್ರಕ್ಕೆ ಅದು ಲೆಕ್ಕದಿಂದ ಹೊರಗೂ ಅಲ್ಲ. ಹೆಣ್ಣುಮಕ್ಕಳ ಲಿವರಿಗೆ ಇದಕ್ಕಿಂತ ಕಡಿಮೆ ಪ್ರಮಾಣವೇ ಸಾಕು.

ಇಲ್ಲಿ ಔಷಧದ ಹುಡುಕಾಟ ಪದೇ ಪದೇ ಸೋತಿದೆ. ಕುಡಿತದಿಂದ ಲಿವರ್ ಹಠಾತ್ತನೆ ಉರಿಯೂತಕ್ಕೆ ಸಿಕ್ಕಿದವರಿಗೆ ಎರಡು ಔಷಧ ಕೊಡುವ ರೂಢಿ ಇತ್ತು: ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮತ್ತು ಪೆಂಟಾಕ್ಸಿಫಿಲಿನ್. ಬ್ರಿಟನ್ನಿನಲ್ಲಿ 1,103 ರೋಗಿಗಳ ಮೇಲೆ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಹೇಳಿದರು. ಹುಸಿ ಮಾತ್ರೆಯ ಗುಂಪಿನಲ್ಲಿ 28 ದಿನದಲ್ಲಿ ಸತ್ತವರು ನೂರಕ್ಕೆ 17. ಸ್ಟಿರಾಯ್ಡ್ ಮಾತ್ರ ತಗೊಂಡವರಲ್ಲಿ 14. ಪೆಂಟಾಕ್ಸಿಫಿಲಿನ್ ಮಾತ್ರ ತಗೊಂಡವರಲ್ಲಿ 19. ಮೂರು ತಿಂಗಳ ಹೊತ್ತಿಗೆ ಇದ್ದ ಸಣ್ಣ ವ್ಯತ್ಯಾಸವೂ ಅಳಿಸಿಹೋಯಿತು. ಎಷ್ಟೋ ವರ್ಷ ವೈದ್ಯರು ನಂಬಿ ಕೊಟ್ಟ ಮದ್ದು ಅದು. ನೆಲನೆಲ್ಲಿಗೆ ಹಾಕಿದ ಅಳತೆಗೋಲನ್ನೇ ಇದಕ್ಕೂ ಹಾಕಿದರು ಅನ್ನುವುದನ್ನು ಗಮನಿಸಿ. ಕೆಲಸ ಮಾಡುವ ಮದ್ದು ಇವತ್ತಿಗೂ ಒಂದೇ, ಕುಡಿತ ಪೂರ್ತಿ ನಿಲ್ಲಿಸುವುದು. ಅದಕ್ಕೂ ಸಹಾಯ ಬೇಕು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಹಾಗಾಗಿ ವೈದ್ಯರ ನಿಗಾದಲ್ಲೇ ಕುಡಿತ ಬಿಡಬೇಕು.

ಕುಡಿಯದವರಿಗೂ ಈಗ ಲಿವರಿನಲ್ಲಿ ಕೊಬ್ಬು. 2022ರಲ್ಲಿ ದೆಹಲಿಯ ಏಮ್ಸ್ ವೈದ್ಯರು ದೇಶದ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ವಯಸ್ಕರಲ್ಲಿ ನೂರಕ್ಕೆ 38 ಜನರಿಗೆ ಇದು ಕಂಡಿತು. ದಪ್ಪಗಿರುವವರ ಕಾಯಿಲೆ ಅಂದುಕೊಂಡರೆ ತಪ್ಪು. 2010ರಲ್ಲಿ ಪ್ರಕಟವಾದ ಪಶ್ಚಿಮ ಬಂಗಾಳದ ಒಂದು ಹಳ್ಳಿಗಾಡಿನ ಅಧ್ಯಯನದಲ್ಲಿ ಕೊಬ್ಬು ಕಂಡವರಲ್ಲಿ ಮುಕ್ಕಾಲು ಪಾಲು ಜನ ದಪ್ಪ ಇರಲೇ ಇಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಜೊತೆಗೆ ಸಕ್ಕರೆ ಕಾಯಿಲೆ: ನಮ್ಮ ಜನರ ಮೈಕಟ್ಟು ಅದು. ಜೀನಿನ ಪಾಲೂ ಇದೆ. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅವರ ತಂಡ ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ರೂಪ ಇರುವವರಲ್ಲಿ ಲಿವರಿನ ಕೊಬ್ಬು ಜಾಸ್ತಿ ಅಂತ ತೋರಿಸಿತು. ಸಕ್ಕರೆ, ಬೊಜ್ಜಿನ ಜೊತೆ ಕುಡಿತವೂ ಸೇರಿದವರನ್ನು 2023ರಲ್ಲಿ ತಜ್ಞರು ಪ್ರತ್ಯೇಕ ಗುಂಪು ಮಾಡಿದರು. ನಮ್ಮ ಜಿಲ್ಲೆಯಲ್ಲಿ ಆ ಗುಂಪೇ ದೊಡ್ಡದಿರಬಹುದು ಅಂತ ನನ್ನ ಅನಿಸಿಕೆ.

ಲಿವರಿನಲ್ಲಿ ಕೊಬ್ಬು ಕೂತು ಉರಿಯೂತವಾಗುವ ಕಾಯಿಲೆಗೆ ಮೊದಲ ಔಷಧ ಒಪ್ಪಿಗೆ ಪಡೆದಿದ್ದು 2024ರ ಮಾರ್ಚ್‌ನಲ್ಲಿ, ಅಮೆರಿಕದಲ್ಲಿ. ಹೆಸರು ರೆಸ್ಮೆಟಿರಾಮ್. ದೊಡ್ಡ ಡೋಸ್ ತಗೊಂಡವರಲ್ಲಿ ನೂರಕ್ಕೆ 30 ಜನರ ಉರಿಯೂತ ಇಳಿಯಿತು, ಹುಸಿ ಮಾತ್ರೆ ನುಂಗಿದವರಲ್ಲಿ 10 ಜನರದ್ದು. 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದಿಗೂ ಒಪ್ಪಿಗೆ ಸಿಕ್ಕಿತು. ಅದನ್ನು ತಗೊಂಡವರಲ್ಲಿ ನೂರಕ್ಕೆ 63 ಜನರ ಉರಿಯೂತ ಇಳಿಯಿತು, ಹುಸಿ ಚುಚ್ಚುಮದ್ದಿನವರಲ್ಲಿ 34 ಜನರದ್ದು. ಆ 34ನ್ನು ನೋಡಿ. ಏನೂ ಇಲ್ಲದ ಚುಚ್ಚುಮದ್ದು ತಗೊಂಡ ನೂರು ಜನರಲ್ಲಿ 34 ಜನರ ಲಿವರ್ ಸುಧಾರಿಸಿದೆ. ಪ್ರಯೋಗಕ್ಕೆ ಸೇರಿದ ಮೇಲೆ ಊಟ, ನಡಿಗೆ ಸ್ವಲ್ಪ ಸರಿಹೋಗಿರುತ್ತದೆ, ಲಿವರ್ ಉಳಿದ ಕೆಲಸ ಮಾಡಿಕೊಂಡಿರುತ್ತದೆ. ಯಾರೋ ಒಬ್ಬರು ‘ಈ ಪುಡಿ ತಗೊಂಡು ನನ್ನ ಫ್ಯಾಟಿ ಲಿವರ್ ಹೋಯಿತು’ ಅಂದಾಗ ಈ 34 ನೆನಪಾಗಬೇಕು.

ತೂಕ ಇಳಿಸುವುದಕ್ಕೂ ಅಂಕಿಅಂಶ ಇದೆ. ಕ್ಯೂಬಾದಲ್ಲಿ 293 ಜನರನ್ನು ಒಂದು ವರ್ಷ ನೋಡಿಕೊಂಡು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈತೂಕದ ಹತ್ತನೇ ಒಂದು ಭಾಗ ಇಳಿಸಿದವರಲ್ಲಿ ನೂರಕ್ಕೆ 90 ಜನರ ಉರಿಯೂತ ಹೋಗಿತ್ತು, 45 ಜನರಲ್ಲಿ ನಾರೂ ಕಡಿಮೆಯಾಗಿತ್ತು. 70 ಕಿಲೋ ಇದ್ದವರು 63ಕ್ಕೆ ಬರುವುದು. ಹೇಳಿದಷ್ಟು ಸುಲಭ ಅಲ್ಲ. ಆ ಅಧ್ಯಯನದಲ್ಲೂ ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಸಾಧ್ಯವಾಯಿತು.

ಇನ್ನು ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯಲ್ಲಿ ಕೂತು ಇದನ್ನು ಬಿಡುವುದು ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಥರ್ ಕ್ಲಾಟ್ಸ್ಕಿ ಅವರ ತಂಡ 1,25,580 ಜನರ ದಾಖಲೆಗಳನ್ನು ಹಿಂಬಾಲಿಸಿ 2006ರಲ್ಲಿ ಹೇಳಿದ್ದು: ದಿನಕ್ಕೆ ನಾಲ್ಕು ಕಪ್ ಅಥವಾ ಜಾಸ್ತಿ ಕಾಫಿ ಕುಡಿಯುವವರಿಗೆ ಕುಡಿತದಿಂದ ಬರುವ ಸಿರೋಸಿಸ್‌ನ ಅಪಾಯ ನೂರಕ್ಕೆ 80ರಷ್ಟು ಕಡಿಮೆ. 2021ರಲ್ಲಿ ಬ್ರಿಟನ್ನಿನ ಸುಮಾರು 4 ಲಕ್ಷ 95 ಸಾವಿರ ಜನರ ಅಧ್ಯಯನ ಬಂತು. ಕಾಫಿ ಕುಡಿಯುವವರಿಗೆ ದೀರ್ಘಕಾಲದ ಲಿವರ್ ಕಾಯಿಲೆ ನೂರಕ್ಕೆ 21ರಷ್ಟು ಕಡಿಮೆ, ಅದರಿಂದ ಸಾವು 49ರಷ್ಟು ಕಡಿಮೆ. ಮೂರ್ನಾಲ್ಕು ಕಪ್ಪಿನವರೆಗೆ ಲಾಭ ಏರುತ್ತಾ ಹೋಗಿ ಅಲ್ಲಿ ನಿಲ್ಲುತ್ತದೆ. ಕೆಫೀನ್ ತೆಗೆದ ಕಾಫಿಯಲ್ಲೂ ಲಾಭ ಕಂಡಿತು. ಅಂದರೆ ಕೆಫೀನ್ ಒಂದರದ್ದೇ ಕೆಲಸ ಅಲ್ಲ, ಕ್ಲೋರೋಜೆನಿಕ್ ಆಮ್ಲದಂಥ ಬೇರೆ ವಸ್ತುಗಳೂ ಸೇರಿರಬೇಕು. ಪ್ರಯೋಗಾಲಯದಲ್ಲಿ ಕೆಫೀನ್ ಆ ಸ್ಟೆಲೇಟ್ ಕೋಶಗಳು ಕೆರಳುವುದನ್ನು ತಗ್ಗಿಸುತ್ತದೆ ಅಂತ ನೋಡಿದ್ದಾರೆ.

ಓದಿ ಖುಷಿಯಾಗುತ್ತದೆ, ಅಲ್ವಾ? ಬೆಳೆಗಾರರಿಗಂತೂ ಇನ್ನೂ ಖುಷಿ. ಆದರೆ ಇದೂ ಅದೇ ಅಳತೆಗೋಲಿನ ಮುಂದೆ ನಿಲ್ಲಬೇಕು. ಈ ಅಧ್ಯಯನಗಳಲ್ಲಿ ಯಾರಿಗೂ ಕಾಫಿಯನ್ನು ಚೀಟಿ ಎತ್ತಿ ಹಂಚಲಿಲ್ಲ. ಕುಡಿಯುವವರು ಕುಡಿದರು, ಬಿಟ್ಟವರು ಬಿಟ್ಟರು. ಲಿವರ್ ಕೆಡಲು ಶುರುವಾದವರಿಗೆ ವಾಕರಿಕೆ ಬಂದು ಕಾಫಿ ಸೇರದೇ ಹೋಗುವುದುಂಟು. ಆಗ ಕಾಫಿ ಬಿಟ್ಟಿದ್ದರಿಂದ ಕಾಯಿಲೆ ಬಂದ ಹಾಗೆ ಲೆಕ್ಕ ತೋರಿಸುತ್ತದೆ, ನಡೆದದ್ದು ತಿರುಗಾಮುರುಗಾ. ಇಂಥ ಗೊಂದಲ ಕಳೆಯಲು ಮೊದಲ ಕೆಲವು ವರ್ಷಗಳ ರೋಗಿಗಳನ್ನು ಬಿಟ್ಟು ಲೆಕ್ಕ ಹಾಕುವಂಥ ದಾರಿಗಳಿವೆ. ಬೇರೆ ಬೇರೆ ದೇಶಗಳಲ್ಲಿ ಅದೇ ದಿಕ್ಕಿನ ಉತ್ತರ ಬರುತ್ತಿರುವುದರಿಂದ ವೈದ್ಯರು ಲಿವರ್ ರೋಗಿಗಳಿಗೆ ಈಗ ಕಾಫಿ ಬೇಡ ಅನ್ನುವುದಿಲ್ಲ. ನನ್ನ ತೀರ್ಮಾನ ಇಷ್ಟು: ಕಾಫಿ ಕುಡಿಯುವ ಅಭ್ಯಾಸ ಇದ್ದರೆ ಧೈರ್ಯವಾಗಿ ಕುಡಿಯಿರಿ. ನಾಲ್ಕು ಲೋಟದಲ್ಲಿ ನಾಲ್ಕು ಉಂಡೆ ಬೆಲ್ಲ ಕರಗಿಸಿದರೆ ಮಾತ್ರ ಲಾಭವೆಲ್ಲ ಅಲ್ಲೇ ಹೋಯಿತು, ಬೆಲ್ಲವೂ ಸಕ್ಕರೆಯೇ. ರಾತ್ರಿ ಕ್ವಾರ್ಟರ್ ಹಾಕಿ ಬೆಳಗ್ಗೆ ಕಾಫಿಯಲ್ಲಿ ತೊಳೆದುಕೊಳ್ಳುತ್ತೇನೆ ಅನ್ನುವ ಲೆಕ್ಕವಂತೂ ನಡೆಯುವುದಿಲ್ಲ.

ಕಾಫಿಯ ಕಥೆ ಹೀಗಿದ್ದರೆ, ಕೊಡಗಿನ ಅಡುಗೆಯ ಹುಳಿಯಾದ ಕಾಚಂಪುಳಿಯ ಕಥೆ ಇನ್ನೊಂದು ಥರ. ಮಳೆಗಾಲದಲ್ಲಿ ಮರದಿಂದ ಉದುರಿದ ಪನಪುಳಿ ಹಣ್ಣನ್ನು ಆಯ್ದು ಬುಟ್ಟಿಯಲ್ಲಿ ರಾಶಿ ಹಾಕಿ ಕೊಳೆಯಲು ಬಿಡುತ್ತಾರೆ. ಕೆಳಗಿಟ್ಟ ಪಾತ್ರೆಗೆ ರಸ ತೊಟ್ಟಿಕ್ಕುತ್ತದೆ. ಅದನ್ನು ಗಂಟೆಗಟ್ಟಲೆ ಕುದಿಸಿದರೆ ಕಪ್ಪಗೆ, ಮಂದಗೆ ಇಳಿಯುತ್ತದೆ. ಪಂದಿ ಕರಿಗೆ ಒಂದೆರಡು ಚಮಚ ಸಾಕು. ಆ ಮರದ ವೈಜ್ಞಾನಿಕ ಹೆಸರು ಗಾರ್ಸಿನಿಯಾ ಗಮ್ಮಿಗಟ್ಟಾ. ಹಳೆಯ ಹೆಸರು ಗಾರ್ಸಿನಿಯಾ ಕಂಬೋಜಿಯಾ. ಈ ಎರಡನೆಯ ಹೆಸರಿನಲ್ಲಿ ಅದರ ಸಿಪ್ಪೆಯ ಸಾರ ಮಾತ್ರೆಯಾಗಿ ಜಗತ್ತಿನ ತುಂಬ ಮಾರಾಟವಾಗುತ್ತಿದೆ, ತೂಕ ಇಳಿಸುವ ಮದ್ದು ಅಂತ. ಆನ್‌ಲೈನ್‌ನಲ್ಲಿ ನಮ್ಮೂರಿಗೂ ಬರುತ್ತದೆ.

ಅದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ದೇಹ ಕೊಬ್ಬು ತಯಾರಿಸುವ ಒಂದು ಹಂತವನ್ನು ತಡೆಯುತ್ತದೆ. ಪುಸ್ತಕದಲ್ಲಿ ಚೆನ್ನಾಗಿದೆ. 1998ರಲ್ಲಿ ನ್ಯೂಯಾರ್ಕ್‌ನಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದರು. ಗಾರ್ಸಿನಿಯಾ ತಗೊಂಡವರು ಸರಾಸರಿ 3.2 ಕಿಲೋ ಇಳಿದರು. ಹುಸಿ ಮಾತ್ರೆಯವರು 4.1 ಕಿಲೋ. ತೂಕಕ್ಕೆ ಪ್ರಯೋಜನ ಇಲ್ಲ ಅಂತ ಅಲ್ಲಿಗೆ ಗೊತ್ತಾಯಿತು. ಲಿವರಿಗೆ ಅಪಾಯ ಇದೆ ಅಂತ ಗೊತ್ತಾಗಿದ್ದು ನಿಧಾನವಾಗಿ. ಔಷಧಗಳಿಂದ ಲಿವರ್ ಕೆಟ್ಟವರನ್ನು ದಾಖಲಿಸುವ ಅಮೆರಿಕದ ಜಾಲವೊಂದು 2004ರಿಂದ 2018ರವರೆಗಿನ 1,418 ರೋಗಿಗಳನ್ನು ಜಾಲಾಡಿದಾಗ 22 ಜನರಲ್ಲಿ ಬೆರಳು ಗಾರ್ಸಿನಿಯಾ ಇದ್ದ ಮಾತ್ರೆಗಳ ಕಡೆ ತಿರುಗಿತು. ಅವರಲ್ಲಿ ಐವರು ಗಾರ್ಸಿನಿಯಾ ಒಂದನ್ನೇ ತಗೊಂಡವರು. ಉಳಿದವರದ್ದು ಬೆರಕೆ ಮಾತ್ರೆ, ಹೆಚ್ಚಾಗಿ ಗ್ರೀನ್ ಟೀ ಸಾರದ ಜೊತೆ. 22 ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಯಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸೇರಿದ ಒಂದೇ ಜೀನ್ ರೂಪ ಇತ್ತು. ಸಾಮಾನ್ಯ ಜನರಲ್ಲಿ ಅದು ಅಷ್ಟು ಕಾಣುವುದಿಲ್ಲ. ಒಂದೇ ಮಾತ್ರೆ ಹತ್ತು ಜನರಿಗೆ ಏನೂ ಮಾಡದೆ ಹನ್ನೊಂದನೆಯವರ ಲಿವರನ್ನು ಯಾಕೆ ಹೊಡೆಯುತ್ತದೆ ಅನ್ನುವುದಕ್ಕೆ ಇಲ್ಲೊಂದು ಸುಳಿವಿದೆ: ಕೆಲವರ ದೇಹ ಆ ವಸ್ತುವನ್ನು ಶತ್ರು ಅಂತ ಗುರುತಿಸಿ ತನ್ನ ಲಿವರಿನ ಮೇಲೇ ಏರಿಹೋಗುತ್ತದೆ.

ಇದನ್ನು ಓದಿ ಅಡುಗೆಮನೆಯ ಕಾಚಂಪುಳಿ ಬಾಟಲಿಯನ್ನು ಎತ್ತಿ ಎಸೆಯಬೇಡಿ. ಪಲ್ಯಕ್ಕೋ ಮಾಂಸಕ್ಕೋ ಹುಳಿಗೆ ಹಾಕುವ ಚಮಚಕ್ಕೂ, ತಿಂಗಳುಗಟ್ಟಲೆ ದಿನಾ ನುಂಗುವ ಗಟ್ಟಿ ಸಾರಕ್ಕೂ ಬಹಳ ಅಂತರ. ಅಮೃತಬಳ್ಳಿಯದ್ದೂ ಇಂಥದೇ ಕಥೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದರಿಂದ ಲಿವರ್ ಕೆಟ್ಟವರನ್ನು ಕಂಡು ಬರೆದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳ ವಿವರ ಮುಂದಿಟ್ಟರು. ಗಿಡಮೂಲಿಕೆ ಅಂದ ಕೂಡಲೇ ಸೌಮ್ಯ ಅಂದುಕೊಳ್ಳುತ್ತೇವೆ. ಲಿವರ್ ಆ ಭೇದ ಮಾಡುವುದಿಲ್ಲ. ಇಂಗ್ಲಿಷ್ ಮದ್ದಿನಲ್ಲೂ ಅಷ್ಟೇ: ನಮ್ಮ ದೇಶದಲ್ಲಿ ಔಷಧದಿಂದ ಲಿವರ್ ಕೆಡುವುದಕ್ಕೆ ಮೊದಲ ಕಾರಣ ಕ್ಷಯರೋಗದ ಮಾತ್ರೆಗಳು. ಅವನ್ನು ಬಿಡುವಂತಿಲ್ಲ, ಹಾಗಾಗಿ ವಾಕರಿಕೆ, ಕಪ್ಪು ಮೂತ್ರ ಕಂಡರೆ ತಕ್ಷಣ ವೈದ್ಯರಿಗೆ ಹೇಳಬೇಕು.

ಒಮ್ಮೆ ಸಿರೋಸಿಸ್ ಆದರೆ ಮುಗಿಯಿತು ಅಂತ ಹಿಂದೆ ಪಾಠ ಮಾಡುತ್ತಿದ್ದರು. ಆ ಮಾತು ಬದಲಾಗಿದೆ. ಹೆಪಟೈಟಿಸ್ ಬಿ ಇರುವವರಿಗೆ ಟೆನೊಫೊವಿರ್ ಮಾತ್ರೆ ಐದು ವರ್ಷ ಕೊಟ್ಟು ಲಿವರಿನ ಚೂರು ತೆಗೆದು ನೋಡಿದ ಅಧ್ಯಯನ 2013ರಲ್ಲಿ ಬಂತು. ಮೊದಲು ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರಿಗೆ ಈಗ ಸಿರೋಸಿಸ್ ಇರಲಿಲ್ಲ. ಏಟು ನಿಂತರೆ ನಾರು ಕರಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹೊಟ್ಟೆಯಲ್ಲಿ ನೀರು ತುಂಬಿ, ತಲೆ ಮಂಕಾಗುವ ಹಂತ ತಲುಪಿದವರಿಗೆ ಮಾತ್ರ ಹೆಚ್ಚಾಗಿ ಉಳಿಯುವ ದಾರಿ ಕಸಿ, ಅಂದರೆ ಇನ್ನೊಬ್ಬರ ಲಿವರ್ ಜೋಡಿಸುವುದು. ಥಾಮಸ್ ಸ್ಟಾರ್ಜಲ್ ಅಮೆರಿಕದ ಡೆನ್ವರ್‌ನಲ್ಲಿ 1963ರಲ್ಲಿ ಮೊದಲು ಪ್ರಯತ್ನಿಸಿದರು, ರೋಗಿ ಉಳಿಯಲಿಲ್ಲ. ಒಂದು ವರ್ಷ ದಾಟಿ ಬದುಕಿದ ರೋಗಿ ಸಿಕ್ಕಿದ್ದು 1967ರಲ್ಲಿ. ಭಾರತದಲ್ಲಿ ಮೊದಲ ಗೆಲುವು 1998ರಲ್ಲಿ. ಕುಡಿತದವರಿಗೆ ಆರು ತಿಂಗಳು ಬಿಟ್ಟು ತೋರಿಸಿದರೆ ಮಾತ್ರ ಕಸಿ ಅನ್ನುವ ಕಟ್ಟುಪಾಡು ಬಹಳ ಕಡೆ ಇತ್ತು. ಫ್ರಾನ್ಸಿನ ವೈದ್ಯರು 26 ಜನರಿಗೆ ಕಾಯದೆ ಕಸಿ ಮಾಡಿ 2011ರಲ್ಲಿ ವರದಿ ಕೊಟ್ಟರು. ಆರು ತಿಂಗಳ ಹೊತ್ತಿಗೆ ಕಸಿಯಾದವರಲ್ಲಿ ನೂರಕ್ಕೆ 77 ಜನ ಬದುಕಿದ್ದರು, ಆಗದವರಲ್ಲಿ 23. ಕುಡುಕ ಅಂತ ತಳ್ಳಿಬಿಡುವ ಮನಸ್ಸನ್ನು ಈ ಅಂಕಿ ಅಲುಗಾಡಿಸಿತು. ನಮ್ಮಲ್ಲೂ ಅಲುಗಾಡಬೇಕು.

ಆದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡು ಪಟ್ಟು, ಜಿಲ್ಲೆಗೆ ರೈಲೇ ಇಲ್ಲ. ಕಸಿಯ ಹಂತಕ್ಕೆ ಹೋದ ಮೇಲೆ ಪ್ರತಿ ತಪಾಸಣೆಯೂ ಒಂದು ದಿನದ ಕೂಲಿ, ಬಸ್ ಖರ್ಚು. ತೋಟದ ಲೈನ್ ಮನೆಯಲ್ಲಿ ಇರುವ ಕೂಲಿಯವರಿಗೆ ಅದು ಆಗದ ಮಾತು. ಹಾಗಾಗಿ ಮೊದಲೇ ಹಿಡಿಯುವ ಪರೀಕ್ಷೆಗೆ ಇಲ್ಲಿ ಬೆಲೆ ಜಾಸ್ತಿ.

ಅಂಥ ಒಂದು ಲೆಕ್ಕ ಇದೆ, ಫಿಬ್-4 ಅಂತ. ಹೊಸ ಯಂತ್ರ ಬೇಡ. ವಯಸ್ಸು, ರಕ್ತಪರೀಕ್ಷೆಯಲ್ಲಿ ಬರುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಲಿವರ್ ಎಂಜೈಮ್‌ಗಳ ಮಟ್ಟ, ಪ್ಲೇಟ್‌ಲೆಟ್ ಇಷ್ಟು ಸಾಕು. ಒಂದು ಉದಾಹರಣೆ ಹಾಕೋಣ. ವಯಸ್ಸು 52, ಎಸ್‌ಜಿಒಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1 ಲಕ್ಷ 60 ಸಾವಿರ. ಲ್ಯಾಬ್ ಚೀಟಿಯಲ್ಲಿ ಮೂರೂ ನಾರ್ಮಲ್ ಅಂತಲೇ ಬರುತ್ತದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 2080. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 160 ಅಂತ ತಗೊಂಡು, ಎಸ್‌ಜಿಪಿಟಿಯ ವರ್ಗಮೂಲ 6ರಿಂದ ಗುಣಿಸಿ: 960. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.17. ಈ ಸಂಖ್ಯೆ 1.3ಕ್ಕಿಂತ ಕಡಿಮೆ ಇದ್ದರೆ ಗಟ್ಟಿ ನಾರಿನ ಸಾಧ್ಯತೆ ಕಡಿಮೆ. 2.67 ದಾಟಿದರೆ ಜಾಸ್ತಿ. ನಡುವೆ ಇದ್ದರೆ ಫೈಬ್ರೋಸ್ಕ್ಯಾನ್ ಬೇಕು. ಅದು ಪಕ್ಕೆಯ ಮೇಲೆ ಒಂದು ಸಣ್ಣ ಕಂಪನ ಕೊಟ್ಟು, ಆ ಅಲೆ ಲಿವರಿನಲ್ಲಿ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುತ್ತದೆ. ಗಟ್ಟಿಯಾದಷ್ಟೂ ವೇಗ ಜಾಸ್ತಿ. ಚುಚ್ಚುವುದಿಲ್ಲ, ನೋವಿಲ್ಲ. ನಮ್ಮ ಉದಾಹರಣೆಯ ವ್ಯಕ್ತಿ ನಾರ್ಮಲ್ ಚೀಟಿ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಬಾರದವರು. 65 ದಾಟಿದವರಿಗೆ ಕೆಳಗಿನ ಗೆರೆ 1.3ರ ಬದಲು 2 ಅಂತ ಇಟ್ಟುಕೊಳ್ಳುತ್ತಾರೆ. 35ಕ್ಕಿಂತ ಚಿಕ್ಕವರಲ್ಲಿ ಈ ಲೆಕ್ಕವನ್ನು ನಂಬುವಂತಿಲ್ಲ.

ಸಕ್ಕರೆ ಕಾಯಿಲೆ ಇರುವವರು, ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದ ಗಂಡಸರು, 80 ದಾಟಿದ ಹೆಂಗಸರು, ದಿನಾ ಕುಡಿಯುವವರು ಇದನ್ನು ಮಾಡಿಸಬೇಕು. ಕಡಿಮೆ ಬಂದರೂ ಸಕ್ಕರೆ ಇದ್ದವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಉಳಿದವರು ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಿದರೆ ಸಾಕು. ಅದೇ ರಕ್ತದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೂ ಜೀವಮಾನದಲ್ಲಿ ಒಮ್ಮೆಯಾದರೂ ಕೇಳಿ ಮಾಡಿಸಿಕೊಳ್ಳಿ. ಅವು ಇದ್ದರೆ ಮದ್ದು ಇದೆ, ಆ ಮದ್ದು ಕೆಲಸ ಮಾಡುತ್ತದೆ ಅಂತ ಸಾಬೀತಾಗಿದೆ.